ಮುದುಕಿಯ ಗಂಟಲು ಕಟ್ಟಿದ ಬೇಸಿಗೆ

ಎದೆಯವರೆಗಿನ ರಬ್ಬರ್ ದಿರಿಸು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೈಯಲ್ಲೊಂದು ಉದ್ದ ಕೋಲು ಹಿಡಿದು ಹೊಳೆಯ ನಟ್ಟನಡುವೆ ನಿಂತಿದ್ದ ತೋರ್ವಿಗೆ ಇನ್ನೂ ಮೊಣಕಾಲು ಮುಳುಗಿರಲಿಲ್ಲ.

ಹಗ್ಗದ ಇನ್ನೊಂದು ತುದಿಯನ್ನು ದಡದಲ್ಲಿದ್ದ ಜೀಪಿನ ಮೂತಿಗೆ ಕಟ್ಟಿತ್ತು. ಜೀಪು ನಡೆಸುತ್ತಿದ್ದವನು ಕೌರಿ. ಕೌರಿಯ ಗಾತ್ರವನ್ನು ಆದಷ್ಟು ಕಡಿಮೆ ಮಾಡಿ ಹೇಳುವುದಾದರೆ, ಅವನು ಒಂದು ಬದಿಯಿಂದ ಹತ್ತಿ ಕೂತರೆ ಇನ್ನೊಂದು ಬದಿಯ ಚಕ್ರಗಳು ನೆಲ ಬಿಡುತ್ತಿದ್ದವು; ಅದನ್ನು ಸರಿದೂಗಿಸಲು ಪಕ್ಕದಲ್ಲಿ ಓಡ್ನಿ ಡೇರೆ, ಗ್ಯಾಸ್ ಒಲೆ, ಸಾರಿನ ಪಾತ್ರೆಗಳನ್ನೆಲ್ಲ ತೊಡೆಯ ಮೇಲೆ ಪೇರಿಸಿಕೊಂಡು ಕೂರಬೇಕಾಗಿತ್ತು. ಓಡ್ನಿ ಇಡೀ ಆಯಸ್ಸು ಶಾಲೆಯ ಬಸ್ಸು ಓಡಿಸಿದವಳು. ಅವಳು ಒಂದು ಸಲ ಗದರಿದರೆ ಮೂರು ಕಣಿವೆಯಾಚೆಯ ಕುರಿಗಳೂ ಸಾಲಾಗಿ ಕೂತು ಸೀಟ್ ಬೆಲ್ಟ್ ಹುಡುಕುತ್ತಿದ್ದವು.

"ಅಲ್ಲಿ ನಿಂತು ಏನ್ ಮಾಡ್ತಿದ್ದೀಯೋ? ಮೀನಿಗೆ ಕಥೆ ಹೇಳ್ತಿದ್ದೀಯಾ?" ಓಡ್ನಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

"ನೀರೇ ಇಲ್ಲ ಕಣೇ."

"ಇಲ್ದಿದ್ರೆ ಒಳ್ಳೇದಾಯ್ತಲ್ಲ, ಬಾ ಈಚೆ! ಮುಳುಗೋದಕ್ಕೆ ಹರಕೆ ಹೊತ್ಕೊಂಡಿದ್ದೀಯಾ?"

ಕೌರಿ ಸ್ಟಿಯರಿಂಗಿಗೆ ಹೊಡೆದು ನಕ್ಕ. "ಹೊಸ ಟೈರ್ ನೋಡೇ ಹೊಳೆ ಹೆದರಿ ಓಡಿಹೋಯ್ತು!"

ತೋರ್ವಿ ನಗಲಿಲ್ಲ. ಹೊಳೆಯನ್ನು ಬೆಳಿಗ್ಗೆಯೇ ದಾಟಬೇಕು. ಬಿಸಿಲೇರಿದ ಮೇಲೆ ಹಿಮನದಿ ಕರಗಿ ನೀರು ಉಬ್ಬುತ್ತದೆ ಎಂಬುದು ಐಸ್‌ಲ್ಯಾಂಡಿನ ಈ ಭಾಗದಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಇವತ್ತು ಓಡ್ನಿ ಸೌಟು ಮರೆತು ಬಂದು, ಅರ್ಧ ದಾರಿಯಿಂದ ಜೀಪು ತಿರುಗಿಸಿ, ಇಲ್ಲಿ ಬಂದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಈ ಹೊತ್ತಿನಲ್ಲಿ ಈ ಹೊಳೆ ಬೂದಿ ಬಣ್ಣದ ಹೋರಿಯಂತೆ ಬುಸುಗುಟ್ಟುತ್ತ ಎದೆಮಟ್ಟಕ್ಕೆ ನುಗ್ಗಬೇಕಿತ್ತು. ಒಂದು ವರ್ಷ ಅದು ಜರ್ಮನ್ ಪ್ರವಾಸಿಗಳ ವ್ಯಾನೊಂದನ್ನು ಎತ್ತಿಕೊಂಡು ಹೋಗಿತ್ತು. ಮಾರನೆಯ ವರ್ಷ ಅದೇ ವ್ಯಾನು ತೊಳೆದು ಬಳಿದು ನಾರ್ವೆಯಲ್ಲಿ ಮಾರಾಟಕ್ಕಿತ್ತು ಎಂದು ಅವರ ಗೆಳೆಯ ಬ್ರಾಂದೂರ್ ಆಣೆ ಮಾಡಿ ಹೇಳುತ್ತಿದ್ದ. ಅಂಥ ಹೊಳೆ ಈಗ ತೋರ್ವಿಯ ಕಾಲ ಸುತ್ತ ಸಾಕುನಾಯಿಯ ಹಾಗೆ ಮೂಸಿ ಹೋಗುತ್ತಿತ್ತು. ಮೇಲಾಗಿ ನೀರು ತಿಳಿಯಾಗಿತ್ತು. ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಹಿಮನದಿಯ ನೀರಿನಲ್ಲಿ ಕಲ್ಲು ಕಾಣುವುದು ಅವನಿಗೆ ಇಷ್ಟವಾಗಲಿಲ್ಲ.

ಬ್ರಾಂದೂರ್ ಇದ್ದಿದ್ದರೆ ಇದಕ್ಕೊಂದು ಕಾರಣ ಹುಟ್ಟಿಸುತ್ತಿದ್ದ. ಆದರೆ ಅವನು ರೇಕ್ಯಾವಿಕ್‌ನ ಆಸ್ಪತ್ರೆಯ ಮಂಚದಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿದ್ದ. ಇವರು ನಾಲ್ವರೂ ಯೌವನದಲ್ಲಿ ಒಂದೇ ರಸ್ತೆ ತಂಡದಲ್ಲಿ ಕೆಲಸ ಮಾಡಿದವರು. ಅಂದಿನಿಂದ ಒಂದು ಬೇಸಿಗೆಯನ್ನೂ ಬಿಡದೆ ಹಿಮನದಿಯ ಬುಡದಲ್ಲಿ ಡೇರೆ ಹಾಕಿದವರು. ಅವರು ಡೇರೆ ಹಾಕುತ್ತಿದ್ದ ಜಾಗದ ಎದುರಿಗೆ ಒಂದು ಜಲಪಾತವಿತ್ತು. ಅದರ ಹೆಸರು ಮುದುಕಿ. ಅಷ್ಟು ಎತ್ತರದಿಂದ ಬೀಳುವ ನೀರು ಅರ್ಧಕ್ಕೆ ಬಂದಾಗ ಒಂದು ಕಲ್ಲಿನ ಚಾಚಿಗೆ ಬಡಿದು, ಆಗಾಗ 'ಧಡ್' ಎಂದು ಕೆಮ್ಮುತ್ತಿತ್ತು. ಆ ಕೆಮ್ಮಿನ ತುಂತುರಿಗೆ ಡೇರೆಯೊಳಗಿನ ಕಾಫಿ ಲೋಟಗಳು ತಾವಾಗಿಯೇ ತೊಳೆದುಕೊಳ್ಳುತ್ತಿದ್ದವು ಎಂದರೆ ನಂಬದವರು ನಂಬದಿರಲಿ.

ಮುದುಕಿಯ ಎದುರು ಪ್ರತಿ ಸಂಜೆ ಒಂದು ಆಟ ನಡೆಯುತ್ತಿತ್ತು. ಕುರಿಮಾಂಸದ ಸಾರು ಕುದಿಯುತ್ತಿರುವಾಗ ಒಬ್ಬೊಬ್ಬರೂ ಒಂದೊಂದು ಸುಳ್ಳು ಹೇಳಬೇಕು. ಯಾರ ಸುಳ್ಳು ಎಲ್ಲಕ್ಕಿಂತ ದೊಡ್ಡದೋ ಅವರಿಗೆ ಮೊದಲ ಸೌಟು ಸಾರು. ಆ ತಗ್ಗುಬಿದ್ದ ಅಲ್ಯೂಮಿನಿಯಂ ಸೌಟಿನ ಬಾಯಿ ಬ್ರಾಂದೂರನ ತುಟಿ ತಾಗಿ ತಾಗಿಯೇ ಸವೆದಿತ್ತು. ಕೌರಿಗೆ ಆಗೀಗ ಸಿಕ್ಕಿದ್ದುಂಟು, ಓಡ್ನಿಗೆ ಹೆಚ್ಚೇ ಸಿಕ್ಕಿದ್ದುಂಟು. ತೋರ್ವಿಗೆ ಮಾತ್ರ ಒಂದು ಸಲವೂ ಸಿಕ್ಕಿರಲಿಲ್ಲ. ಸುಳ್ಳು ಬಾಯಿಗೆ ಬರುವ ಮೊದಲೇ ಅವನ ಕಿವಿ ಕೆಂಪಾಗುತ್ತಿತ್ತು. ಆ ಕೆಂಪಿನ ಬೆಳಕಿನಲ್ಲಿ ದಿನಪತ್ರಿಕೆ ಓದಬಹುದಿತ್ತು. ಚಳಿಗಾಲದಲ್ಲಿ ನೆರೆಹೊರೆಯವರು ಕೈ ಕಾಯಿಸಿಕೊಳ್ಳಲು ಅವನಿಂದ ಬೇಕೆಂದೇ ಸುಳ್ಳು ಹೇಳಿಸುತ್ತಿದ್ದರು.

ಹೊರಡುವ ಮುನ್ನ ತೋರ್ವಿ ಆಸ್ಪತ್ರೆಗೆ ಹೋಗಿದ್ದ. ಬ್ರಾಂದೂರ್ ಮಂಚದಲ್ಲಿ ಒಂದು ಮಡಿಸಿಟ್ಟ ಸ್ವೆಟರಿನಷ್ಟು ಉಳಿದಿದ್ದ. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಿತ್ತು.

"ಸಂಜೆ ರೇಡಿಯೋ ಸುದ್ದಿ ಮುಗಿದ ಮೇಲೆ ಫೋನ್ ಮಾಡಿ," ಎಂದಿದ್ದ. "ಮುದುಕಿ ಮುಂದೆ ಹಿಡೀರಿ. ಅವಳ ಬೈಗುಳ ಕೇಳಿ ತುಂಬಾ ದಿನ ಆಯ್ತು."

"ಓಡ್ನಿಗೆ ಹೇಳ್ತೀನಿ."

"ಓಡ್ನಿ ಬೇಡ. ಅವಳು ಹಿಡಿದ್ರೆ ಅವಳೇ ಮಾತಾಡ್ತಾಳೆ. ಕೌರಿ ಹಿಡಿದ್ರೆ ಅವನ ಏದುಸಿರನ್ನೇ ಜಲಪಾತ ಅಂತ ಕೇಳಿಸಿಬಿಡ್ತಾನೆ. ನೀನು ಹಿಡಿ. ನಿನಗೆ ಸುಳ್ಳು ಬರಲ್ಲ."

ಕೊಳವೆ ಸರಿಮಾಡುತ್ತಿದ್ದ ಮಗಳು ಸುನ್ನೇವಾ, "ಅಪ್ಪ, ಸಾಕು ಮಾತು," ಎಂದಳು.

"ಸಾಕಂತೆ! ನಾನೇನು ಈಗಲೇ ಸಾಯ್ತೀನಾ? ಮುದುಕಿ ಬಾಯಿ ಮುಚ್ಚೋವರೆಗೂ ನಾನು ಮುಚ್ಚಲ್ಲ ಅಂತ ಅವಳ ಹತ್ರಾನೇ ಪಂಥ ಕಟ್ಟಿದ್ದೀನಿ. ಕೇಳು ಇವನ್ನ."

ತೋರ್ವಿ ಹೌದೆಂದು ತಲೆಯಾಡಿಸಿದ್ದ. ಅದು ನಿಜವಾಗಿತ್ತು. ಪ್ರತಿ ಬೇಸಿಗೆಯ ಕೊನೆಯ ದಿನ ಡೇರೆ ಬಿಚ್ಚುವಾಗ ಬ್ರಾಂದೂರ್ ಜಲಪಾತದ ಕಡೆ ಮುಷ್ಟಿ ಎತ್ತಿ, "ನೀನು ಮೊದಲಾ ನಾನು ಮೊದಲಾ ನೋಡೋಣ ಬಾರೇ!" ಎಂದು ಕೂಗುತ್ತಿದ್ದ. ಮುದುಕಿ ಕೆಮ್ಮುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

*

ಜೀಪು ಕೊನೆಯ ದಿಬ್ಬ ಹತ್ತಿ ನಿಂತಾಗ ಕೌರಿ ಎಂಜಿನ್ ಆರಿಸಿದ.

ಆ ಮೌನದ ಬಗ್ಗೆ ಏನನ್ನೂ ದೊಡ್ಡದು ಮಾಡಿ ಹೇಳುವಂತಿಲ್ಲ. ಗಾಳಿಯ ಸದ್ದಿತ್ತು. ಜೀಪಿನ ಎಂಜಿನ್ ತಣ್ಣಗಾಗುವ ಟಕ್ ಟಕ್ ಸದ್ದಿತ್ತು. ಬೇರೇನೂ ಇರಲಿಲ್ಲ.

ಎದುರಿನ ಬಂಡೆಗೋಡೆ ಮೇಲಿನಿಂದ ಕೆಳಗಿನವರೆಗೆ ಒಣಗಿ ನಿಂತಿತ್ತು. ನೀರು ಬೀಳುತ್ತಿದ್ದ ಕಡೆ ಕಲ್ಲು ಕಪ್ಪಾಗಿ, ಅದರ ಎರಡೂ ಅಂಚಿಗೆ ಹಾವಸೆ ಕಂದಿ ಹುರಿದ ಕಾಫಿಪುಡಿಯಂತೆ ಉದುರುತ್ತಿತ್ತು. ಗೋಡೆಯ ನೆತ್ತಿಯ ಮೇಲೆ ಮೊದಲೆಲ್ಲ ಹಿಮನದಿಯ ನೀಲಿ ಮೂತಿ ಬಾಗಿಕೊಂಡು ಇಣುಕುತ್ತಿತ್ತು. ಈಗ ಅಲ್ಲಿ ಬರೀ ಆಕಾಶ. ಹಿಮನದಿ ಬಹಳ ಹಿಂದಕ್ಕೆ ಸರಿದುಹೋಗಿತ್ತು. ಅದರ ನೀರು ಬೆಟ್ಟದ ಆಚೆ ಮಗ್ಗುಲಿನಿಂದ ಬೇರೆ ದಾರಿ ಹಿಡಿದಿತ್ತು. ಹೀಗೆ ಒಂದು ವರ್ಷದೊಳಗೆ ಹೊಳೆಯೇ ಮಗ್ಗುಲು ಬದಲಿಸಿ, ಕಟ್ಟಿದ ಸೇತುವೆ ಮರಳಿನ ಮೇಲೆ ಉಳಿದುಬಿಡುವುದನ್ನು ಅವರು ರಸ್ತೆ ತಂಡದಲ್ಲಿದ್ದಾಗಲೇ ಕಂಡವರು. ಆದರೂ ಅದು ಮುದುಕಿಗೂ ಆಗಬಹುದೆಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಓಡ್ನಿ ತೊಡೆಯ ಮೇಲಿನ ಪಾತ್ರೆಗಳನ್ನು ಇಳಿಸಲಿಲ್ಲ. "ದಾರಿ ತಪ್ಪಿದ್ವೇನೋ," ಎಂದಳು.

ತಪ್ಪಿರಲಿಲ್ಲ. ಅವರ ಡೇರೆಯ ಗೂಟಕ್ಕೆ ಆಸರೆ ಕೊಡುತ್ತಿದ್ದ ಕಲ್ಲುಗಳ ಸುತ್ತು ಹಾಗೇ ಇತ್ತು. ಕಳೆದ ವರ್ಷ ಬ್ರಾಂದೂರ್ ಕುರ್ಚಿ ಮಾಡಿಕೊಂಡಿದ್ದ ಚಪ್ಪಟೆ ಬಂಡೆಯೂ ಇತ್ತು.

ತೋರ್ವಿ ಇಳಿದು ನಡೆದ. ನೀರಿನ ಮಡು ಇದ್ದ ಜಾಗದಲ್ಲಿ ಒಂದು ಬಟ್ಟಲಷ್ಟು ಕೆಸರು. ಅದನ್ನು ದಾಟಿ, ಎಷ್ಟೋ ವರ್ಷ ದೂರದಿಂದ ಮಾತ್ರ ನೋಡಿದ್ದ ಗೋಡೆಗೆ ಕೈಯಿಟ್ಟ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಮುದುಕಿಯ ಮೈ ಬೆಚ್ಚಗಿರುವುದನ್ನು ಅವನು ಎಂದೂ ಊಹಿಸಿರಲಿಲ್ಲ, ಕೈ ತೆಗೆದುಬಿಟ್ಟ.

ಗೋಡೆಯ ಬುಡದಲ್ಲಿ ಆಳಿನೆತ್ತರದ ಒಂದು ಸೀಳು ಇತ್ತು. ನೀರು ಬೀಳುತ್ತಿದ್ದಾಗ ಅದರ ಹಿಂದೆ ಹೋಗಿ ನಿಲ್ಲುವುದು ಮನುಷ್ಯಮಾತ್ರದವರಿಗೆ ಸಾಧ್ಯವಿರಲಿಲ್ಲ. ತಾನು ಹೋಗಿದ್ದೆ ಎಂದು ಬ್ರಾಂದೂರ್ ಹೇಳುತ್ತಿದ್ದ. ಮದುವೆಯಾದ ವರ್ಷ ಒಬ್ಬನೇ ಬಂದು, ಮುದುಕಿಯ ಸೆರಗು ಸರಿಸಿ ಒಳಹೊಕ್ಕು, ಒಂದು ಬಾಟಲಿ ಬ್ರೆನ್ನಿವಿನ್ ಸಾರಾಯಿ ಅಡಗಿಸಿಟ್ಟು ಬಂದಿದ್ದನಂತೆ. "ನಾನು ಸತ್ತ ಮೇಲೆ ನೀವು ಹೋಗಿ ಕುಡೀರಿ, ಹೋಗೋಕಾದ್ರೆ!" ಎನ್ನುತ್ತಿದ್ದ. ಆ ಸುಳ್ಳಿಗೆ ಅವನಿಗೆ ಸೌಟು ಸಿಕ್ಕಿತ್ತು. ಒಂದೇ ಸಲ ಅಲ್ಲ. ಹಳೆಯ ಸುಳ್ಳನ್ನು ಮತ್ತೆ ಹೇಳಬಾರದು ಎಂದು ಓಡ್ನಿ ಜಗಳ ತೆಗೆಯುವವರೆಗೆ ಪ್ರತಿ ವರ್ಷ ಸಿಕ್ಕಿತ್ತು.

ತೋರ್ವಿ ಸೀಳಿನೊಳಗೆ ತೋಳು ತೂರಿಸಿದ. ಬೆರಳಿಗೆ ಗಾಜು ತಗುಲಿತು.

ಬಾಟಲಿಯ ಮೇಲಿನ ಚೀಟಿ ತೊಳೆದುಹೋಗಿತ್ತು. ಮುಚ್ಚಳ ತುಕ್ಕು ಹಿಡಿದಿತ್ತು. ಒಳಗಿನ ದ್ರವ ಕತ್ತಿನವರೆಗೆ ಹಾಗೇ ಇತ್ತು. ತೋರ್ವಿ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಆಮೇಲೆ ಕೋಟಿನ ಒಳಜೇಬಿಗೆ ಇಳಿಬಿಟ್ಟು, ಗುಂಡಿ ಹಾಕಿಕೊಂಡು ಹಿಂದಿರುಗಿದ. ಉಳಿದಿಬ್ಬರಿಗೆ ತೋರಿಸಲಿಲ್ಲ.

ಅಲ್ಲಿ ಜಗಳ ಶುರುವಾಗಿತ್ತು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ," ಎಂದ ಕೌರಿ. ಅವನು ಬ್ರಾಂದೂರನ ಚಪ್ಪಟೆ ಬಂಡೆಯ ಮೇಲೆ ಕೂತಿದ್ದ. ಬಂಡೆ ನೆಲಕ್ಕೆ ಒಂದು ಗೇಣು ಇಳಿದಿತ್ತು. "ಅವನೇನು ಮಗುವಾ?"

"ಹೇಳು. ಹೇಗೆ ಹೇಳ್ತೀಯೋ ಹೇಳು ನೋಡೋಣ. 'ಬ್ರಾಂದೂರ್, ಮುದುಕಿ ಬಾಯಿ ಮುಚ್ಚಿದ್ಲು, ಇನ್ನು ನಿನ್ನ ಸರದಿ' ಅಂತಲಾ?"

"ನಾನು ಹಾಗೆಲ್ಲಿ ಹೇಳ್ದೆ?"

"ನೀನು ಹೇಗೆ ಹೇಳಿದ್ರೂ ಅವನಿಗೆ ಹಾಗೇ ಕೇಳ್ಸೋದು, ದಡ್ಡ!"

"ಹಾಗಾದ್ರೆ ಫೋನ್ ಸಿಗಲಿಲ್ಲ ಅನ್ನೋಣ. ಇಲ್ಲಿ ಸಿಗ್ನಲ್ ಇಲ್ಲ ಅಂದ್ರೆ ಆಯ್ತು."

"ಆ ದಿಬ್ಬದ ಮೇಲೆ ಸಿಗುತ್ತೆ ಅಂತ ಕಂಡುಹಿಡಿದವನೇ ಅವನು. ರಾತ್ರಿಯೆಲ್ಲ ಕಾಯ್ತಾನೆ. ನಾಳೆಯೂ ಕಾಯ್ತಾನೆ." ಓಡ್ನಿಯ ದನಿ ಒಡೆಯಿತು. ಬಸ್ಸಿನ ಗಾಜು ಬಿರುಕುಬಿಡಿಸುವ ಆ ದನಿ ಒಡೆದದ್ದನ್ನು ಕೌರಿ ಅಲ್ಲಿಯವರೆಗೆ ಕೇಳಿರಲಿಲ್ಲ. ಅವನು ಎದ್ದು ನಿಂತ. ಬಂಡೆ ಮೇಲೆ ಬಂತು.

"ಬಸ್ ಜಲಪಾತಕ್ಕೆ ಹೋಗೋಣ," ಎಂದ ತೋರ್ವಿ.

ಇಬ್ಬರೂ ಅವನ ಕಡೆ ತಿರುಗಿದರು.

"ಈಗ ಹೊರಟ್ರೆ ಸುದ್ದಿ ಮುಗಿಯೋ ಹೊತ್ತಿಗೆ ಸೇರ್ತೀವಿ. ಅಲ್ಲಿ ಫೋನ್ ಹಿಡೀತೀನಿ."

"ಅಲ್ಲಿಂದ ಹಿಡಿದು?" ಕೌರಿ ಕೇಳಿದ.

"ಮುದುಕಿ ಅಂತೀನಿ."

ಓಡ್ನಿ ಅವನ ಕಿವಿಗಳನ್ನು ನೋಡಿದಳು. ಅವು ಆಗಲೇ ಉರಿಯುತ್ತಿದ್ದವು.

"ಫೋನ್‌ನಲ್ಲಿ ಕಿವಿ ಕಾಣಲ್ಲ," ಎಂದ ತೋರ್ವಿ, ಅವಳು ಕೇಳುವ ಮೊದಲೇ.

*

ಬಸ್ ಜಲಪಾತಕ್ಕೆ ಬೇರೊಂದು ಒಳ್ಳೆಯ ಹೆಸರಿದೆ, ಪೋಸ್ಟ್‌ಕಾರ್ಡುಗಳ ಮೇಲೆ ಅಚ್ಚಾಗಿದೆ. ಆದರೆ ಇವರು ನಾಲ್ವರೂ ಅದನ್ನು ಹಾಗೆ ಕರೆದವರಲ್ಲ. ಹೆದ್ದಾರಿಯ ಪಕ್ಕದಲ್ಲೇ, ಕಡಲಿಗೆ ಮುಖ ಮಾಡಿದ ಕಡಿದಾದ ಬಂಡೆಯಿಂದ ಅದು ಬೀಳುತ್ತದೆ. ಬಸ್ಸಿನಿಂದ ಇಳಿದವರು ಒಂದು ಕಾಲನ್ನು ಬಸ್ಸಿನಲ್ಲೇ ಇಟ್ಟು ಫೋಟೋ ತೆಗೆದುಕೊಳ್ಳಬಹುದು. ಪ್ರಪಂಚದಲ್ಲಿರುವ ಅಷ್ಟೂ ಹಳದಿ ಮಳೆಯಂಗಿಗಳು ಬೇಸಿಗೆಯಲ್ಲಿ ಅಲ್ಲೇ ಇರುತ್ತವೆ. ಅಲ್ಲಿ ಡೇರೆ ಹಾಕುವವನಿಗಿಂತ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಮಲಗುವವನು ಮೇಲು ಎನ್ನುತ್ತಿದ್ದ ಬ್ರಾಂದೂರ್.

ಆ ಸಂಜೆಯೂ ಜನ ಕಿಕ್ಕಿರಿದಿದ್ದರು. ನೀರು ಬೀಳುವ ಸದ್ದಿಗಿಂತ ಜನರ ಕೂಗಾಟವೇ ಜಾಸ್ತಿ. ಕೌರಿ ಜೀಪಿನ ಹಿಂದಿನಿಂದ ರಸ್ತೆ ತಂಡದ ತನ್ನ ಹಳೆಯ ಕಿತ್ತಳೆ ಬಣ್ಣದ ಜಾಕೆಟ್ ಹುಡುಕಿ ತೆಗೆದ. ಅದು ಅವನ ಹೊಟ್ಟೆಯ ಅರ್ಧವನ್ನಷ್ಟೇ ಮುಚ್ಚಿತು. ಆದರೂ ಅಷ್ಟು ದೊಡ್ಡ ಕಿತ್ತಳೆ ಬಣ್ಣ ಕಂಡು ಎರಡು ಬಸ್ಸು ತಾವಾಗಿಯೇ ನಿಂತವು. ಓಡ್ನಿ ದಾರಿಗೆ ಅಡ್ಡಲಾಗಿ ನಿಂತು, ತನ್ನ ಶಾಲಾಬಸ್ಸಿನ ಇಂಗ್ಲಿಷಿನಲ್ಲಿ, ಮೇಲೆ ಬಂಡೆ ಸಡಿಲವಾಗಿದೆ, ಯಾರಾದರೂ ಜೋರಾಗಿ ಮಾತಾಡಿದರೆ ಉರುಳುತ್ತದೆ ಎಂದು ಸಾರಿದಳು.

ಹಳದಿ ಅಂಗಿಗಳು ಪಿಸುಗುಟ್ಟುತ್ತ ಹಿಂದೆ ಸರಿದವು. ಒಂದು ಮದುವೆ ಜೋಡಿ ತುದಿಗಾಲಿನಲ್ಲಿ ನಡೆದು ಕಾರು ಹತ್ತಿತು.

"ಕೆಮ್ಮು?" ಎಂದು ಕೌರಿ ಇದ್ದಕ್ಕಿದ್ದಂತೆ ಕೇಳಿದ. "ಇದು ಕೆಮ್ಮೋದೇ ಇಲ್ವಲ್ಲೋ. ಮುದುಕಿ ಕೆಮ್ತಾಳೆ."

ಮೂವರೂ ಜಲಪಾತ ನೋಡಿದರು. ಅದು ತಡೆಯೇ ಇಲ್ಲದೆ, ನಲ್ಲಿ ಬಿಟ್ಟ ಹಾಗೆ ಸುರಿಯುತ್ತಿತ್ತು. ಕೌರಿ ಬೂಟು ಕಳಚಿ, ಹಿಮದಷ್ಟು ತಣ್ಣಗಿನ ಮಡುವಿಗೆ ತೊಡೆಮಟ್ಟ ಇಳಿದು, ಕುರಿಮರಿ ಗಾತ್ರದ ಕಲ್ಲುಗಳನ್ನು ಒಂದೊಂದಾಗಿ ಪಕ್ಕದ ಬಂಡೆಯ ಮೇಲೆ ಜೋಡಿಸಿಕೊಂಡ. ಆ ಮಡುವಿಗಿಳಿದು ಒಂದು ನಿಮಿಷ ನಿಂತವನ ಮೊಮ್ಮಕ್ಕಳಿಗೂ ನೆಗಡಿಯಾಗುತ್ತದೆ.

ತೋರ್ವಿ ನೀರಿಗೆ ಆದಷ್ಟು ಹತ್ತಿರ ನಿಂತು ಕರೆ ಮಾಡಿದ. ಸುನ್ನೇವಾ ತೆಗೆದುಕೊಂಡಳು.

"ಎಚ್ಚರವಾಗಿದ್ದಾರೆ. ಆದ್ರೆ ಜಾಸ್ತಿ ಮಾತಾಡಿಸಬೇಡಿ ತೋರ್ವಿ. ಇವತ್ತು ಮಧ್ಯಾಹ್ನ... ಇರ್ಲಿ, ಕಿವಿ ಹತ್ರ ಇಡ್ತೀನಿ."

ಆ ಕಡೆಯಿಂದ ಉಸಿರಿನ ಸದ್ದು ಬಂತು. ಎಳೆಯುವುದು, ಬಿಡುವುದು, ಮಧ್ಯೆ ಒಂದು ದೊಡ್ಡ ಬಿಡುವು.

"ಬ್ರಾಂದೂರ್. ನಾನು ಕಣೋ. ಮುದುಕಿ ಮುಂದೆ ಇದ್ದೀವಿ."

"ತಡ," ಎಂದಿತು ದನಿ. "ಕಾಫಿ ಕುಡೀತಾ ಕೂತಿದ್ರಾ?"

"ಓಡ್ನಿ ಸೌಟು ಮರೆತಿದ್ಲು."

"ಹೊಳೆ?"

"ಎದೆಮಟ್ಟ," ಎಂದ ತೋರ್ವಿ. ಅವನ ಕಿವಿ ಎಷ್ಟು ಕಾಯಿತೆಂದರೆ ಬೀಳುವ ತುಂತುರು ಅಲ್ಲೇ ಆವಿಯಾಯಿತು. "ನನ್ನ ಹಗ್ಗ ಇಲ್ದಿದ್ರೆ ನಾರ್ವೆಗೆ ಹೋಗ್ತಿದ್ದೆ."

ಆ ಕಡೆ ನಗುವಿನಂಥದೇನೋ ಆಯಿತು. "ಹಿಡಿ. ಕೇಳಿಸು."

ತೋರ್ವಿ ಫೋನನ್ನು ತಲೆಯ ಮೇಲೆ ಎತ್ತಿ ಜಲಪಾತದ ಕಡೆ ಚಾಚಿ, ಆಸ್ಪತ್ರೆಯಿಂದ ಬರುವ ಮಾತೂ ತನಗೆ ಕೇಳಲೆಂದು ಸ್ಪೀಕರ್ ಒತ್ತಿದ. ಮಡುವಿನಲ್ಲಿ ಕೌರಿ ಎರಡೂ ಕೈಯಲ್ಲಿ ಕಲ್ಲೆತ್ತಿ ಬಂಡೆಯ ಮೇಲಿಂದ ಉರುಳಿಸಿದ. ಧಡ್. ಒಂದಷ್ಟು ಹೊತ್ತು ಬಿಟ್ಟು ಇನ್ನೊಂದು. ಧಡ್. ಅವನ ತುಟಿ ನೀಲಿಯಾಗಿತ್ತು.

"ಕೆಮ್ಮು ಜೋರಾಗಿದೆ ಅವಳಿಗೆ," ಎಂದ ಬ್ರಾಂದೂರ್. "ನನಗಿಂತ ಜೋರು."

"ವಯಸ್ಸಾಯ್ತಲ್ಲ."

"ತೋರ್ವಿ. ಆ ನನ್ನ ಬಾಟಲಿ... ಕಂಡಿತಾ?"

ಕೋಟಿನೊಳಗೆ ಬಾಟಲಿ ಪಕ್ಕೆಲುಬಿಗೆ ಒತ್ತುತ್ತಿತ್ತು. ಅದನ್ನು ತೆಗೆದು ಫೋನಿನ ಬಳಿ ಕುಲುಕಿ, ಇದೆ ಕಣೋ, ಇಷ್ಟು ವರ್ಷ ನೀನು ನಿಜ ಹೇಳಿದ್ದೆ, ನಾವು ಮೂವರೂ ಕತ್ತೆಗಳು ಎಂದು ಕೂಗಬೇಕೆನಿಸಿತು. ಆದರೆ ನೀರು ಬೀಳುತ್ತಿರುವವರೆಗೆ ಆ ಬಾಟಲಿ ಯಾರ ಕೈಗೂ ಸಿಗುವಂಥದಲ್ಲ.

"ಎಲ್ಲಿ ಕಾಣುತ್ತೆ," ಎಂದ. "ನೀರು ಈ ವರ್ಷ ವಿಪರೀತ. ಹತ್ರ ಹೋಗೋಕೇ ಬಿಡ್ತಿಲ್ಲ. ಮತ್ತೆ ನೀನು ಇಟ್ಟಿದ್ರೆ ತಾನೇ ಕಾಣೋದು, ಸುಳ್ಳುಬುರುಕ."

ಉಸಿರು. ಬಿಡುವು. ಉಸಿರು.

ಆಗಲೇ ಮೇಲೆ, ಬಂಡೆಯ ಅಂಚಿನ ಗೂಡುಗಳಿಂದ, ಕಡಲಹಕ್ಕಿಗಳು ಎದ್ದವು. ಬಿಳಿ ಎದೆಯ, ಹತ್ತಿರ ಹೋದವರ ಮೇಲೆ ನಾರುವ ಎಣ್ಣೆ ಕಾರುವ ಆ ಹಕ್ಕಿಗಳಿಗೆ ಓಡ್ನಿಯ ಗದರಿಕೆಯೂ ತಟ್ಟದು. ಕೌರಿಯ ಕಲ್ಲಿನ ಸದ್ದಿಗೆ ಬೆದರಿ, ನೂರಾರು ಹಲ್ಲಿಲ್ಲದ ಮುದುಕರು ಒಟ್ಟಿಗೆ ನಕ್ಕ ಹಾಗೆ ಕ್ಯಾಕ್ಕ್ಯಾಕ್ಕ್ಯಾಕ್ ಎಂದು ತೋರ್ವಿಯ ನೆತ್ತಿಯ ಮೇಲೆ ಸುತ್ತತೊಡಗಿದವು. ತೋರ್ವಿ ಫೋನನ್ನು ಎದೆಗೆ ಅವುಚಿಕೊಂಡ. ತಡವಾಗಿತ್ತು. ಅವು ಗೂಡು ಕಟ್ಟುವುದು ಸಮುದ್ರಕ್ಕೆ ಮುಖ ಮಾಡಿದ ಬಂಡೆಗಳಲ್ಲಿ. ಒಳನಾಡಿನಲ್ಲಿ, ಹಿಮನದಿಯ ಬುಡದಲ್ಲಿ, ಮುದುಕಿಯ ಮುಂದೆ, ಆ ಹಕ್ಕಿಯ ಸದ್ದನ್ನು ಯಾರೂ ಕೇಳಿದ್ದಿಲ್ಲ. ಬ್ರಾಂದೂರ್ ಹುಡುಗನಾಗಿದ್ದಾಗ ಇಂಥದೇ ಬಂಡೆಗೆ ಹಗ್ಗ ಕಟ್ಟಿ ಇಳಿದು ಅವುಗಳ ಮೊಟ್ಟೆ ಕದ್ದು ಬೆಳೆದವನು.

ದಾರಿಯಲ್ಲಿ ನಿಂತಿದ್ದ ಓಡ್ನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೌರಿ ಎತ್ತಿದ ಕಲ್ಲನ್ನು ಎತ್ತಿದಂತೆಯೇ ಹಿಡಿದು ನಿಂತ.

ಫೋನು ಸುಮ್ಮನಿತ್ತು. ತೋರ್ವಿ ಅದನ್ನು ಮೆಲ್ಲಗೆ ಕಿವಿಗಿಟ್ಟ.

"ಬ್ರಾಂದೂರ್?"

"ಹಕ್ಕಿಗಳು," ಎಂದ ಬ್ರಾಂದೂರ್.

"ಹೂಂ."

"ಅಷ್ಟು ದೂರ... ಒಳಗೆ ಬಂದುಬಿಟ್ಟಿವೆಯಾ?"

ತೋರ್ವಿಯ ಕಿವಿ, ಅಲ್ಲಿಯವರೆಗೆ ಕೆಂಡದಂತಿದ್ದದ್ದು, ತಣ್ಣಗಾಗಿತ್ತು.

"ಸಮುದ್ರದಲ್ಲಿ ಎಂಥಾ ಬಿರುಗಾಳಿ ಎದ್ದಿರಬೇಕು ನೋಡು," ಎಂದಿತು ದನಿ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ, ಆದರೆ ಬಿಡದೆ. "ನನ್ನಜ್ಜನ ಕಾಲದಲ್ಲಿ ಒಂದ್ಸಲ ಹೀಗೇ ಆಗಿತ್ತು. ಗಾಳಿಗೆ ಮುಖ ಕೊಡೋಕಾಗದೆ... ಹಿಂದುಮುಂದಾಗಿ ಹಾರ್ಕೊಂಡು ಬಂದಿದ್ವಂತೆ. ಬಾಲ ಮುಂದೆ, ಕೊಕ್ಕು ಹಿಂದೆ. ಹಿಮನದಿಗೆ ಬಾಲ ತಗಲಿದ ಮೇಲೇ... ನಿಂತವಂತೆ. ಅಲ್ವಾ?"

ತೋರ್ವಿ ಮೇಲೆ ನೋಡಿದ. ಆಕಾಶ ತಿಳಿಯಾಗಿತ್ತು. ಕಡಲು, ಹೆದ್ದಾರಿಯ ಆಚೆ, ಇಸ್ತ್ರಿ ಹಾಕಿದಂತೆ ಮಲಗಿತ್ತು.

"ಹೌದು," ಎಂದ. "ಹೌದು ಕಣೋ. ಬಾಲ ಮುಂದೆ ಮಾಡ್ಕೊಂಡೇ ಬಂದ್ವು. ನಾವೇ ನೋಡಿದ್ವಿ. ಒಂದಂತೂ ಕೌರಿ ಹೊಟ್ಟೆಗೆ ಡಿಕ್ಕಿ ಹೊಡೀತು. ಬೆಟ್ಟ ಅಂದ್ಕೊಂಡು ಅಲ್ಲೇ ಮೊಟ್ಟೆ ಇಡೋಕೆ ಜಾಗ ಹುಡುಕ್ತಿದೆ."

ಆ ಕಡೆಯಿಂದ ಬಂದದ್ದು ನಗುವೋ ಕೆಮ್ಮೋ ತಿಳಿಯಲಿಲ್ಲ. ಬಹಳ ಹೊತ್ತು ನಡೆಯಿತು. ಸುನ್ನೇವಾ ಏನೋ ಅಂದಳು. ಬ್ರಾಂದೂರ್ ಅವಳನ್ನು ತಡೆದ.

"ಓಡ್ನಿ ಅಲ್ಲಿದ್ದಾಳಾ?"

"ಇದ್ದಾಳೆ."

"ಅವಳಿಗೆ ಹೇಳು." ಬಿಡುವು. "ಇವತ್ತು ಮೊದಲ ಸೌಟು ತೋರ್ವಿಗೆ ಅಂತ."

ಜಲಪಾತದ ತುಂತುರು ತೋರ್ವಿಯ ಕನ್ನಡಕದ ಮೇಲೆ ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಇಡಬೇಡ," ಎಂದ ಬ್ರಾಂದೂರ್. "ಹಾಗೇ ಹಿಡ್ಕೊಂಡಿರು. ನಿದ್ದೆ ಬರೋವರೆಗೆ ಕೇಳ್ತೀನಿ. ಆಮೇಲೆ ಸುನ್ನೇವಾ ಆರಿಸ್ತಾಳೆ."

ತೋರ್ವಿ ಫೋನನ್ನು ಮತ್ತೆ ಮೇಲಕ್ಕೆತ್ತಿ ಚಾಚಿದ. ಮಡುವಿನಲ್ಲಿ ಕೌರಿ ಕೈಯಲ್ಲಿದ್ದ ಕಲ್ಲನ್ನು ಉರುಳಿಸಿದ. ಧಡ್. ಇನ್ನು ಬೇಡ ಎಂದು ಯಾರೂ ಅವನಿಗೆ ಹೇಳಲಿಲ್ಲ, ಅವನೂ ನಿಲ್ಲಿಸಲಿಲ್ಲ.

ಓಡ್ನಿ ಜೀಪಿನ ಮರೆಯಲ್ಲಿ ಒಲೆ ಹಚ್ಚಿದಳು. ಕುರಿಮಾಂಸ, ಗೆಣಸಿನಂಥ ಗಡ್ಡೆಗಳು, ಎಲೆಕೋಸು ಹಾಕಿ ಮನೆಯಲ್ಲೇ ಬೇಯಿಸಿ ತಂದಿದ್ದ ಸಾರು ಬಿಸಿಯಾಗುವವರೆಗೆ ಬೆನ್ನು ತಿರುಗಿಸಿ ನಿಂತಿದ್ದಳು. ಹಳದಿ ಅಂಗಿಗಳು ಒಂದೊಂದಾಗಿ ಬಸ್ಸು ಹತ್ತಿದವು. ಆ ನಾಡಿನ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ. ಬೆಳಕು ಬಂಡೆಯ ಮೇಲೆ ಹಾಗೇ ಉಳಿದುಕೊಂಡಿತ್ತು. ನೀರು ತೋರ್ವಿಯ ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಉಣ್ಣೆ ಸ್ವೆಟರಿನ ತೋಳಿನೊಳಗೆ ಇಳಿದು, ಪಕ್ಕೆಯಲ್ಲಿದ್ದ ಬಾಟಲಿಯನ್ನೂ ತಣ್ಣಗೆ ಮಾಡುತ್ತಿತ್ತು.

ಓಡ್ನಿ ಬಂದು ಅವನ ಇನ್ನೊಂದು ಕೈಗೆ ಸೌಟು ಕೊಟ್ಟಳು. ಅದರ ತುಂಬ ಸಾರಿತ್ತು, ಮೇಲೆ ಹಬೆಯಾಡುತ್ತಿತ್ತು. ಫೋನಿನ ಪರದೆ ಕತ್ತಲಾಗಿದೆಯೇ ಎಂದು ಅವಳು ಕತ್ತೆತ್ತಿ ನೋಡಲಿಲ್ಲ. ತೋರ್ವಿಯೂ ನೋಡಲಿಲ್ಲ.

ಅವನು ಕುಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹಬೆ ನಿಂತಿತು. ಜಲಪಾತದ ತುಂತುರು ಒಂದೊಂದೇ ಹನಿಯಾಗಿ ಸೌಟಿಗೆ ಬೀಳುತ್ತ, ಸಾರು ಸವೆದ ಅಂಚಿನವರೆಗೆ ಏರಿ, ತಗ್ಗುಬಿದ್ದ ಕಡೆಯಿಂದ ಸದ್ದಿಲ್ಲದೆ ಚೆಲ್ಲತೊಡಗಿತು.